ಒಂದ್ ತುಂಡು ಕೊಡ್ತೀರೇನ್ರಿ

ಮಂಗಳವಾರ ಸಂಜೆ ಬಾಗಿಲು ತೆಗೆದಾಗ ಮೊದಲು ಕಂಡದ್ದು ಬೋಳು ಗೋಡೆ. ಮನಿ ಪ್ಲಾಂಟಿನ ಬಳ್ಳಿ ಕೆಳಗೆ ಹಳೇ ಪೇಪರಿನ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಕುಂಡದಲ್ಲಿ ಉಳಿದದ್ದು ಗೇಣುದ್ದದ ಬುಡ, ಅದರಲ್ಲಿ ಮೂರು ಎಲೆ.

ಒಂಬತ್ತು ವರ್ಷದ ಬಳ್ಳಿ ಅದು. ಟಿವಿ ಪಕ್ಕದ ಕುಂಡದಿಂದ ಹೊರಟು, ಪರದೆಯ ಸರಳು ಹಿಡಿದು, ಗಡಿಯಾರವನ್ನು ಒಂದು ಸುತ್ತು ಹಾಕಿ, ಅಡುಗೆಮನೆಯ ಬಾಗಿಲ ತನಕ ಹೋಗಿತ್ತು. ಮೊಳೆ ಹೊಡೆದು, ದಾರ ಕಟ್ಟಿ ಹತ್ತಿಸಿದವಳು ನಾನು. ಬೆಳಗ್ಗೆ ಹೊರಡುವಾಗ ಬಣ್ಣದ ಕೆಲಸದ ಮೇಸ್ತ್ರಿಗೆ ಹೇಳಿಯೇ ಹೋಗಿದ್ದೆ. 'ಆ ಗೋಡೆ ಕೊನೆಗೆ ಮಾಡಿ, ಬಳ್ಳಿ ನಾನೇ ಬಂದು ಬಿಚ್ಚಿಕೊಡ್ತೀನಿ' ಅಂದಿದ್ದೆ. ಮೇಸ್ತ್ರಿ ಹುಂ ಅಂದಿದ್ದ. ಎಲ್ಲದಕ್ಕೂ ಹುಂ ಅನ್ನುವ ಮನುಷ್ಯ. ಕೆಲಸದ ಹುಡುಗನಿಗೆ ಮಾತ್ರ ಹೇಳದೆ ಹೋಗಿದ್ದ.

ಹುಡುಗ ರಾಯಚೂರು ಕಡೆಯವನು. ಇಪ್ಪತ್ತು, ಇಪ್ಪತ್ತೆರಡು ಇರಬಹುದು. ಸ್ಟೂಲಿನ ಮೇಲೆ ನಿಂತು ಗೋಡೆ ಉಜ್ಜುತ್ತಿದ್ದವನು ನನ್ನ ಮುಖ ನೋಡಿ ಇಳಿದ. 'ಬಳ್ಳಿ ತಗೀಬಾರದಿತ್ತೇನ್ರೀ ಅಕ್ಕಾ?' ಅಂದ. ನಾನು ಮಾತಾಡಲಿಲ್ಲ. ಬ್ಯಾಗ್ ಹೆಗಲ ಮೇಲಿದ್ದಂತೆಯೇ ಆ ಗುಡ್ಡೆಯ ಮುಂದೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಮೆಲ್ಲಗೆ ಕೇಳಿದ. 'ಇದರಾಗ ಒಂದ್ ತುಂಡು ನನಗ ಕೊಡ್ತೀರೇನ್ರಿ? ರೂಮಿನ್ಯಾಗ ಇಡ್ತೀನಿ. ನಮ್ಮ ರೂಮಿಗೆ ಕಿಟಕಿ ಇಲ್ರೀ. ಆದ್ರೂ ಬದುಕ್ತದಂತ, ಹೌದೇನ್ರಿ?'

'ಕೊಡಲ್ಲ' ಅಂದೆ.

ಅವನು ತಲೆಯಾಡಿಸಿ ಮತ್ತೆ ಸ್ಟೂಲು ಹತ್ತಿದ. ಆರೂವರೆಗೆ ಕೈ ತೊಳೆದುಕೊಂಡು, ಬರ್ತೀನ್ರೀ ಅಂತ ಹೇಳಿ ಹೋದ. ಬುಧವಾರ ಬೇರೆ ಹುಡುಗ ಬಂದ.

ಆ ಮಂಗಳವಾರ ರಾತ್ರಿ ಊಟ ಮಾಡಿ ಗುಡ್ಡೆ ಬಿಡಿಸಲು ಕೂತೆ. ಕೋಪ ಇನ್ನೂ ಇತ್ತು. ಆದರೆ ಬಿಡಿಸುತ್ತಾ ಹೋದಂತೆ ಯಾವ ತುಂಡು ಎಲ್ಲಿತ್ತು ಅಂತ ನನಗೆ ಗೊತ್ತಾಗುತ್ತಿತ್ತು. ಕಿಟಕಿ ಪಕ್ಕ ಇದ್ದ ಎಲೆಗಳ ಮೇಲೆ ಹಳದಿ ಜಾಸ್ತಿ, ಯಾರೋ ಬ್ರಷ್ ಝಾಡಿಸಿದ ಹಾಗೆ. ಗಡಿಯಾರದ ಹತ್ತಿರ ಬರುವಾಗ ಹಳದಿ ಬರೀ ಗೀರು. ಅಡುಗೆಮನೆ ಬಾಗಿಲ ಕತ್ತಲಲ್ಲಿ ಇದ್ದದ್ದು ಅಪ್ಪಟ ಹಸಿರು. ಬೆಳಕು ಕಮ್ಮಿಯಾದರೆ ಗಿಡಕ್ಕೆ ಬಣ್ಣ ಮಾಡಿಕೊಂಡು ಕೂರಲು ಆಗುವುದಿಲ್ಲ. ಹಳದಿ ಜಾಗದಲ್ಲಿ ಪತ್ರಹರಿತ್ತು ತೀರಾ ಕಮ್ಮಿ, ಅಲ್ಲಿ ಅನ್ನ ಸರಿಯಾಗಿ ಬೇಯುವುದಿಲ್ಲ. ಹಾಗಾಗಿ ಎಲೆಯನ್ನೆಲ್ಲ ಹಸಿರಾಗಿಸಿಕೊಂಡು ಹೊಟ್ಟೆ ಹೊರೆಯುತ್ತದೆ.

ಪ್ರತಿ ಎಲೆ ಹುಟ್ಟುವಲ್ಲಿ ಒಂದು ಗೆಣ್ಣು, ಕಬ್ಬಿನ ಗೆಣ್ಣಿನ ಹಾಗೆ. ಗೆಣ್ಣಿನ ಕೆಳಗೆ ಕಂದು ಬಣ್ಣದ ಮೊಂಡು ಬೇರು. ಗೋಡೆಯನ್ನು ಹಿಡಿದುಕೊಂಡಿದ್ದ ಬೇರುಗಳ ತುದಿಯಲ್ಲಿ ಹಳೇ ಡಿಸ್ಟೆಂಪರಿನ ಚಕ್ಕೆಗಳು ಅಂಟಿಕೊಂಡೇ ಇದ್ದವು. ನಸು ಗುಲಾಬಿ. ನಾವು ಈ ಮನೆಗೆ ಬಂದಾಗ ಇದ್ದ ಬಣ್ಣ ಅದು. ಉಗುರಿನಿಂದ ಎಬ್ಬಿಸಿದರೂ ಬರಲಿಲ್ಲ.

ಅಷ್ಟರಲ್ಲಿ ಮಣಿಕಟ್ಟು ತುರಿಸತೊಡಗಿತು. ಇದೂ ನಮ್ಮ ಕೆಸುವಿನ ಮನೆತನದ್ದೇ, ಸುವರ್ಣಗಡ್ಡೆಯೂ ಅದೇ ಮನೆತನ. ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಕಣ್ಣಿಗೆ ಕಾಣದ ಸೂಜಿಗಳಿರುತ್ತವೆ. ಪತ್ರೊಡೆಗೆ ಹುಣಸೆಹುಳಿ ಹಾಕದಿದ್ದರೆ ಗಂಟಲು ಕೆರೆಯುವುದು ಅದರಿಂದಲೇ. ಮನಿ ಪ್ಲಾಂಟನ್ನು ಬಾಯಿಗೆ ಹಾಕಲೇಬಾರದು. ಬೆಕ್ಕು, ನಾಯಿ, ತೆವಳುವ ಮಗು ಇರುವ ಮನೆಯಲ್ಲಿ ಎಟುಕದ ಹಾಗೆ ಇಡಬೇಕು.

ನನ್ನವರು ಒಳ್ಳೆಯವರು, ಆದರೆ ಸಮಾಧಾನ ಮಾಡಲು ಬರುವುದಿಲ್ಲ. 'ಗಾಳಿ ಶುದ್ಧ ಮಾಡೋಕೆ ತಾನೆ, ನರ್ಸರಿಯಿಂದ ಇನ್ನೊಂದು ತರೋಣ' ಅಂದರು. ಗಾಳಿಯ ಮಾತು ಎಲ್ಲರ ಬಾಯಲ್ಲೂ ಇದೆ. 1989ರಲ್ಲಿ ನಾಸಾ ಮಾಡಿದ ಪ್ರಯೋಗದಿಂದ ಹಬ್ಬಿದ ಮಾತು ಅದು. ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದ್ದಾರೆ. ಕಿಟಕಿ ಬಾಗಿಲಿನಿಂದ ಸುಮ್ನೆ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸ ಮಾಡಬೇಕಾದರೂ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ನಾನು ಗಾಳಿಗಾಗಿ ಇಟ್ಟುಕೊಂಡದ್ದಲ್ಲ. ಬೆಳಗ್ಗೆ ಕಾಫಿ ಹಿಡಿದು ಹಾಲಿಗೆ ಬಂದರೆ ಎಲೆಯ ತುದಿಯಲ್ಲಿ ಒಂದು ಹನಿ ನೀರು ನಿಂತಿರುತ್ತಿತ್ತು. ರಾತ್ರಿ ಬೇರು ಜಾಸ್ತಿ ನೀರು ಎಳೆದುಕೊಂಡರೆ ಎಲೆ ಹಾಗೆ ಹೊರಗೆ ಬಿಡುತ್ತದೆ. ಆ ಹನಿ ನೋಡಿದ ಮೇಲೆಯೇ ನನಗೆ ದಿನ ಶುರುವಾಗುತ್ತಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ಅವಳು ಮರುಗುತ್ತಾಳೆ ಅಂದುಕೊಂಡಿದ್ದೆ. 'ಕಡಿದ್ರೆ ಕಡೀಲಿ ಮಾರಾಯ್ತಿ. ಗೆಣ್ಣು ಎಷ್ಟಿದೆ ಎಣಿಸು' ಅಂದಳು.

ಶಿವಮೊಗ್ಗ ಕಡೆಯ ಸಾಗರ ಊರಿನ ಹತ್ತಿರದ ನಮ್ಮ ಮನೆಯ ಹಿಂದೆ ಹಲಸಿನ ಮರಕ್ಕೆ ಒಂದು ಬಳ್ಳಿ ಹಬ್ಬಿದೆ. ಎಲೆ ಮೊರದಗಲ, ಅಂಚೆಲ್ಲ ಸೀಳು. ಬಳ್ಳಿಯೇ ಸೌತೆಕಾಯಿ ದಪ್ಪ. ಚಿಕ್ಕವಳಿದ್ದಾಗ ಅದು ಯಾವುದೋ ಕಾಡುಬಳ್ಳಿ ಅಂದುಕೊಂಡಿದ್ದೆ. ಮನಿ ಪ್ಲಾಂಟೇ ಅದು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಹತ್ತಲು ಮರ, ಮಳೆ, ಸೆಕೆ ಸಿಕ್ಕರೆ ಎಲೆ ಹಾಗೆ ದೊಡ್ಡದಾಗುತ್ತಾ ಹೋಗುತ್ತದೆ. ಕುಂಡದಿಂದ ಕೆಳಗೆ ಇಳಿಬಿಟ್ಟರೆ ಎಲೆ ಸಣ್ಣದಾಗುತ್ತಾ ಬರುತ್ತದೆ. ನಾವು ಮನೆಯೊಳಗೆ ನೋಡುವುದು ಅದರ ಬಾಲ್ಯ ಮಾತ್ರ. ಆ ಹಲಸಿನ ಬುಡದಲ್ಲಿ ನೆಲದ ಮೇಲೆ ಓಡುತ್ತಿದ್ದ ಒಂದು ಕುಡಿಯನ್ನೇ ಅಮ್ಮ ಕತ್ತರಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಕೊಟ್ಟದ್ದು. ರಾತ್ರಿ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ತಂದಿದ್ದೆ. ಅಮ್ಮ ಈಗಲೂ ಅದು ಅಡಿಕೆ ಮರ ಹತ್ತಿದರೆ ಕತ್ತಿ ತಗೊಂಡು ಕಡಿಯುತ್ತಾಳೆ, ಕೇಳಿದವರಿಗೆ ಮಾರುದ್ದ ಕೊಡುತ್ತಾಳೆ.

ಎಣಿಸಿದೆ. ನಲವತ್ತೇಳು ಗೆಣ್ಣು.

ನಾನು ಯಾಕೆ 'ಕೊಡಲ್ಲ' ಅಂದೆ? ಕೋಪ ಇತ್ತು, ನಿಜ. ಆದರೆ ಬರೀ ಕೋಪ ಅಲ್ಲ. ನಮ್ಮತ್ತೆ ಮನಿ ಪ್ಲಾಂಟನ್ನು ಯಾರಿಗೂ ಕೊಡಬಾರದು ಅನ್ನುತ್ತಿದ್ದರು. ಕೊಟ್ಟರೆ ಮನೆಯ ಲಕ್ಷ್ಮಿ ಅದರ ಜೊತೆ ಹೋಗುತ್ತಾಳಂತೆ. ಕಷ್ಟದಲ್ಲಿ ಬದುಕಿದವರು ಅವರು. ಮಾವನ ಅಂಗಡಿ ಮುಚ್ಚಿದ ಮೇಲೆ ಒಂದೊಂದು ರೂಪಾಯಿಯನ್ನೂ ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಮೂರು ಮಕ್ಕಳನ್ನು ಓದಿಸಿದವರು. ಅವರ ಮಾತನ್ನು ನಾನು ಒಪ್ಪಿರಲಿಲ್ಲ, ಮೀರಿಯೂ ಇರಲಿಲ್ಲ. ನಂಬಿಕೆ ಇಲ್ಲದಿದ್ದರೂ ಕೈ ಹಿಂದೆ ಸರಿಯುತ್ತಿತ್ತು.

ನಾಲ್ಕು ವರ್ಷದ ಹಿಂದೆ ಕೆಳಗಿನ ಮನೆಯ ಹುಡುಗಿ ಸ್ಕೂಲಿಗೆ ಬೇಕು ಅಂತ ಒಂದು ತುಂಡು ಕೇಳಲು ಬಂದಿದ್ದಳು. ಆಗ ಐದನೇ ಕ್ಲಾಸು. ಅತ್ತೆ ಹಾಲಿನಲ್ಲೇ ಕೂತಿದ್ದರು. ನಾನು ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಕೊಟ್ಟೆ. ಗೆಣ್ಣು ಇಲ್ಲದ ಎಲೆ. ಅದು ನೀರಿನಲ್ಲಿ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಆದರೆ ಬಳ್ಳಿಯಾಗುವುದಿಲ್ಲ. ಚಿಗುರು ಬರುವುದು ಗೆಣ್ಣಿನಿಂದ ಮಾತ್ರ. ನನಗದು ಗೊತ್ತಿತ್ತು. ಎರಡು ತಿಂಗಳು ಆ ಮಗು ಲಿಫ್ಟಿನಲ್ಲಿ ಸಿಕ್ಕಾಗೆಲ್ಲ 'ಇನ್ನೂ ಬಂದಿಲ್ಲ ಆಂಟಿ' ಅನ್ನುತ್ತಿದ್ದಳು. ಬರುತ್ತೆ ಬಿಡು ಪುಟ್ಟಾ ಅನ್ನುತ್ತಿದ್ದೆ.

ಈ ಗಿಡದ ಬಗ್ಗೆ ಓದಿದ ಒಂದು ವಿಷಯ ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಇದರ ಮೂಲ ಪೆಸಿಫಿಕ್ ಸಾಗರದಲ್ಲಿ ತಾಹಿಟಿಯ ಪಕ್ಕದಲ್ಲಿರುವ ಮೊರೆಯಾ ಅನ್ನುವ ಪುಟ್ಟ ದ್ವೀಪ. 1880ರಲ್ಲಿ ಸಸ್ಯಶಾಸ್ತ್ರಜ್ಞರು ಪೋಥೋಸ್ ಅಂತ ಹೆಸರಿಟ್ಟರು. ಆಮೇಲೆ ಆ ಹೆಸರು ಹಲವು ಸಲ ಬದಲಾಯಿತು. ಯಾಕೆಂದರೆ ಗಿಡದ ಕುಲ ಗುರುತಿಸುವುದು ಮುಖ್ಯವಾಗಿ ಹೂವಿನಿಂದ, ಇದು ಹೂ ಬಿಡುವುದೇ ಇಲ್ಲ ಅನ್ನುವಷ್ಟು ಅಪರೂಪ. ಈಗಿನ ಹೆಸರು ಎಪಿಪ್ರೆಮ್ನಮ್ ಆರಿಯಂ. ತಾನಾಗಿ ಹೂ ಬಿಟ್ಟದ್ದು ಕೊನೆಯ ಸಲ ವರದಿಯಾದದ್ದು 1964ರಲ್ಲಂತೆ. 2016ರಲ್ಲಿ ಕಾರಣ ಸಿಕ್ಕಿತು. ಹೂವಿಗೆ ಬೇಕಾದ ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಕೆಟ್ಟಿದೆ. ಹಾರ್ಮೋನನ್ನು ಹೊರಗಿನಿಂದ ಕೊಟ್ಟಾಗ ಹೂ ಬಂತು.

ಹೂವಿಲ್ಲ ಅಂದರೆ ಬೀಜವಿಲ್ಲ. ಗಾಳಿ, ಹಕ್ಕಿ, ಅಳಿಲು ಯಾರೂ ಇದನ್ನು ಒಯ್ಯಲಾರರು. ಆ ದ್ವೀಪದಿಂದ ನಮ್ಮ ಸಾಗರದ ಹಲಸಿನ ಮರದ ತನಕ ಇದು ಬಂದಿದೆ ಅಂದರೆ ದಾರಿಯುದ್ದಕ್ಕೂ ಯಾರೋ ಕತ್ತರಿಸಿದ್ದಾರೆ, ಯಾರೋ ಕೊಟ್ಟಿದ್ದಾರೆ. ಕದ್ದು ತಂದರೆ ಚೆನ್ನಾಗಿ ಬರುತ್ತೆ ಅನ್ನುವ ಮಾತೂ ಇದೆ ನಮ್ಮಲ್ಲಿ. ಕೊಡಲು ಮನಸ್ಸಾಗದ ನನ್ನಂಥವರ ಮನೆ ಎದುರು ಹುಟ್ಟಿದ ಮಾತಿರಬೇಕು ಅದು. ನಡುವೆ ಯಾವುದೋ ಊರಿನಲ್ಲಿ ಯಾರೋ ಒಬ್ಬಳು 'ಕೊಡಲ್ಲ' ಅಂದು ಬಿಟ್ಟಿದ್ದರೆ ಅಮ್ಮನ ಬಾಟಲಿ ಖಾಲಿಯೇ ಇರುತ್ತಿತ್ತಲ್ವಾ?

ಆ ಹುಡುಗನ ಮಾತು ದಿನಕ್ಕೆ ಹತ್ತು ಸಲ ನೆನಪಾಗುತ್ತದೆ. 'ಒಂದ್ ತುಂಡು ನನಗ ಕೊಡ್ತೀರೇನ್ರಿ?' ಅವನು ಕೇಳಿದ್ದು ನೆಲಕ್ಕೆ ಬಿದ್ದಿದ್ದರಲ್ಲಿ ಒಂದನ್ನು. ಕಿಟಕಿ ಇಲ್ಲದ ರೂಮಿನಲ್ಲಿ ಎಷ್ಟು ಜನ ಮಲಗುತ್ತಾರೋ. ಹಗಲೆಲ್ಲ ಬೇರೆಯವರ ಗೋಡೆಗೆ ಬಣ್ಣ ಬಳಿದು ಹೋಗಿ, ಒಂದು ಹಸಿರು ಎಲೆ ನೋಡಬೇಕು ಅನಿಸಿತ್ತು ಅವನಿಗೆ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೂ ಇತ್ತು. ಬದುಕುತ್ತದೆ. ಟ್ಯೂಬ್‌ಲೈಟ್ ಬೆಳಕು ದಿನಾ ಹತ್ತು ಹನ್ನೆರಡು ಗಂಟೆ ಸಿಕ್ಕರೆ ಬದುಕುತ್ತದೆ. ಹಳದಿ ಹೋಗಿ ಹಸಿರಾಗುತ್ತದೆ, ನಿಧಾನಕ್ಕೆ ಬೆಳೆಯುತ್ತದೆ. ವಾರಕ್ಕೊಮ್ಮೆ ನೀರು ಬದಲಾಯಿಸಬೇಕು. ಆಗಾಗ ಒಂದೆರಡು ದಿನ ಹೊರಗೆ ನೆರಳಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು.

ಶುಕ್ರವಾರ ಎರಡೆರಡು ಗೆಣ್ಣಿನ ಮೂರು ತುಂಡು ಹಿಡಿದು ಕೆಳಗಿನ ಮನೆಗೆ ಹೋದೆ. ಬಾಗಿಲು ತೆಗೆದದ್ದು ಆ ಹುಡುಗಿಯೇ. ಈಗ ನನ್ನಷ್ಟೇ ಎತ್ತರ. ತುಂಡುಗಳನ್ನು ಕೈಯಲ್ಲಿ ತಿರುಗಿಸಿ ನೋಡಿದಳು. 'ಇದಕ್ಕೆ ಬೇರು ಬರುತ್ತಾ ಆಂಟಿ?' ಅಂದಳು. ಬೇಕಂತಲೇ ಕೇಳಿದ್ದಲ್ಲ, ಅವಳಿಗೆ ಹಳೆಯದು ನೆನಪಿರುವ ಹಾಗೂ ಕಾಣಲಿಲ್ಲ. ಗೆಣ್ಣು ತೋರಿಸಿದೆ. ಇದು ನೀರಿನೊಳಗಿರಬೇಕು, ಎಲೆ ಮೇಲಿರಬೇಕು, ಅಂದೆ. ಆವತ್ತು ಕೊಟ್ಟದ್ದರಲ್ಲಿ ಇದು ಇರಲಿಲ್ಲ, ನನಗೆ ಗೊತ್ತಿದ್ದೂ ಕೊಡಲಿಲ್ಲ, ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಪರವಾಗಿಲ್ಲ ಆಂಟಿ' ಅಂದು ಲೋಟ ತರಲು ಒಳಗೆ ಹೋದಳು.

ಶನಿವಾರ ಮೇಸ್ತ್ರಿಗೆ ಫೋನ್ ಮಾಡಿದೆ. 'ಯಾವ ಹುಡುಗ?' ಅಂದ. ಹೆಸರು ನಾನು ಕೇಳಿರಲಿಲ್ಲ. ಮಂಗಳವಾರ ಬಂದಿದ್ದವನು, ರಾಯಚೂರಿನವನು, ಅಂದೆ. ಅವನು ಈಗ ಬೇರೆ ಸೈಟಿನಲ್ಲಿದ್ದಾನಂತೆ. ಸೋಮವಾರ ಬಾಲ್ಕನಿ ಗ್ರಿಲ್ಲಿಗೆ ಬಣ್ಣ ಹೊಡೆಯಲು ಯಾರನ್ನಾದರೂ ಕಳಿಸುತ್ತಾನಂತೆ. ಅವನನ್ನೇ ಕಳಿಸಿ, ಬಳ್ಳಿ ವಿಷಯಕ್ಕೆ ಬೈಯೋಕಲ್ಲ, ಅಂದೆ. ಹುಂ ಅಂದ.

ಆ ಹುಡುಗನಿಗೆ ಅಂತ ತುಂಡು ಹಾಕಿದ ಬಾಟಲಿಯನ್ನು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬೇರೆಯಾಗಿಯೇ ಇಟ್ಟಿದ್ದೇನೆ. ಅಡುಗೆಮನೆ ಬಾಗಿಲ ಕಡೆಯ ತುಂಡುಗಳನ್ನೇ ಆರಿಸಿದ್ದು, ಕಮ್ಮಿ ಬೆಳಕಿಗೆ ಅವು ಆಗಲೇ ಹೊಂದಿಕೊಂಡಿವೆ. ಇವತ್ತು ಬೆಳಗ್ಗೆ ಬಾಟಲಿ ಎತ್ತಿ ಕಿಟಕಿಗೆ ಹಿಡಿದು ನೋಡಿದೆ. ಒಂದು ಗೆಣ್ಣಿನ ಕಂದು ಬೇರಿನ ತುದಿ ಒಡೆದು, ಅಕ್ಕಿನುಚ್ಚಿನಷ್ಟು ಬೆಳ್ಳಗೆ ಏನೋ ಹೊರಬಂದಿದೆ. ಅದರ ಪಕ್ಕದಲ್ಲೇ ಗುಲಾಬಿ ಚಕ್ಕೆ ಇನ್ನೂ ಹಾಗೇ ಅಂಟಿಕೊಂಡಿದೆ.