ಜಾಕೆಟ್ ತಂದರೆ ಮೊದಲು ನೀರು ಚಿಮುಕಿಸುತ್ತೇನೆ

ದಾವಣಗೆರೆಯಲ್ಲಿ ನಮ್ಮದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಯಾರಾದರೂ ನೈಲಾನ್ ಜಾಕೆಟ್ ತಂದು ‘ಪೀಸಿಗೆ ಎಷ್ಟಾಗುತ್ತೆ?’ ಎಂದರೆ ನಾನು ತಕ್ಷಣ ದರ ಹೇಳುವುದಿಲ್ಲ. ಚೊಂಬಿನಲ್ಲಿ ಬೆರಳು ಅದ್ದಿ ಬಟ್ಟೆ ಮೇಲೆ ನಾಲ್ಕು ಹನಿ ಚಿಮುಕಿಸುತ್ತೇನೆ. ಹನಿ ಹೀರಿಕೊಂಡರೆ ಸರಿ. ಕೆಸುವಿನ ಎಲೆ ಮೇಲಿನ ನೀರಿನಂತೆ ಉರುಳಿದರೆ ದರ ಜಾಸ್ತಿ. ಏನೋ ಮಂತ್ರ ಹಾಕುತ್ತಿದ್ದಾನೆ ಎಂದುಕೊಂಡವರೂ ಇದ್ದಾರೆ.

ಈ ಅಭ್ಯಾಸ ಅಂಟಿದ್ದು 40 ವಿಂಡ್‌ಚೀಟರ್‌ಗಳಿಂದ. ಸೈಕಲ್ ಹೊಡೆಯುವ ಗೆಳೆಯರ ಗುಂಪಿನ ಆರ್ಡರ್. ನೀಲಿ ಬಟ್ಟೆ, ಬೆನ್ನ ಮೇಲೆ ಬಿಳಿ ಅಕ್ಷರ. ಹತ್ತಿ ಟೀ ಶರ್ಟಿಗೆ ಬಳಸುವ, ಕಾವು ಕೊಟ್ಟರೆ ಗಟ್ಟಿಯಾಗುವ ಪ್ಲಾಸ್ಟಿಸಾಲ್ ಇಂಕನ್ನೇ ಎಳೆದುಕೊಟ್ಟೆ. ನೋಡಲು ಬೆಣ್ಣೆಯಂತೆ ಬಂದಿತ್ತು. ನಾಲ್ಕನೇ ದಿನ ಅವರಲ್ಲೊಬ್ಬ ಬಂದ. ನನ್ನೆದುರೇ ಅಕ್ಷರದ ತುದಿಯನ್ನು ಉಗುರಿನಿಂದ ಎಬ್ಬಿಸಿ, ಹಾಲಿನ ಕೆನೆ ತೆಗೆದ ಹಾಗೆ ಇಡೀ ಪದ ಎತ್ತಿ ಮೇಜಿನ ಮೇಲಿಟ್ಟ. ‘ಅಣ್ಣಾ, ಇದು ನಿಮ್ದೇ, ಇಟ್ಕೊಳ್ಳಿ’ ಎಂದ.

ಹತ್ತಿ ನೂಲು ಒರಟು. ಇಂಕು ಎಳೆಗಳ ನಡುವೆ ಇಳಿದು ಹಿಡಿದುಕೊಳ್ಳುತ್ತದೆ. ನೈಲಾನ್ ಎಳೆ ಗಾಳದ ದಾರದಂತೆ ನುಣುಪು. ಅದರ ಮೇಲೆ ಮಳೆ ನೀರು ತಡೆಯುವ ಲೇಪ ಬೇರೆ. ಇಂಕಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಗ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತೇನೆ. 100 ಗ್ರಾಂ ಇಂಕಿಗೆ ಹಿಡಿತ ಕೊಡುವ ಹಾರ್ಡ್ನರ್ 10 ಗ್ರಾಂ ಕಲಸುತ್ತೇನೆ. ನಾನು ತರುವ ಡಬ್ಬಿಯ ಅಳತೆ ಅದು, ಬೇರೆಯದಕ್ಕೆ ಬೇರೆ. ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸಬೇಕು. ಒಂದು ಸಲ ಒಂದು ಕಿಲೋ ಕಲಸಿಟ್ಟು ಊಟಕ್ಕೆ ಹೋದೆ, ಕರೆಂಟು ಹೋಯಿತು, ಕೆಲಸ ಮರುದಿನಕ್ಕೆ ಬಿತ್ತು. ಬೆಳಿಗ್ಗೆ ಡಬ್ಬಿಯಲ್ಲಿ ಇದ್ದದ್ದು ರಬ್ಬರ್! ಪ್ರಿಂಟ್ ಆದ ಮೇಲೂ ಹಿಡಿತ ಪೂರ್ತಿ ಬರಲು ಎರಡು ಮೂರು ದಿನ ಬೇಕು. ಅದಕ್ಕೇ ಸಂಜೆಗೇ ಬೇಕು ಎನ್ನುವವರ ಜಾಕೆಟ್ ನಾನು ಹಿಡಿಯುವುದಿಲ್ಲ.

ಜಾಕೆಟ್ ಒಳಗೆ ಅಸ್ತರು (ಲೈನಿಂಗ್) ಇದ್ದರೆ ಇನ್ನೊಂದು ತಲೆನೋವು. ಇಂಕು ಒತ್ತುವ ರಬ್ಬರ್ ಪಟ್ಟಿ, ಅಂದರೆ ಸ್ಕ್ವೀಜಿ, ಎಳೆಯುವಾಗ ಮೇಲಿನ ಬಟ್ಟೆ ಜಾರುತ್ತದೆ, ಅಕ್ಷರ ನೆರಳು ಬಿದ್ದ ಹಾಗೆ ಎರಡೆರಡಾಗಿ ಕಾಣುತ್ತದೆ.

ಎಳೆದರೆ ಹಿಗ್ಗುವ ಲೈಕ್ರಾ ಸೇರಿದ ಬಟ್ಟೆ ಬೇರೆಯದೇ ಜಾತಿ. ಹಲಗೆಗೆ ಅಂಟಿಸುವಾಗ ಸುಕ್ಕು ಹೋಗಲೆಂದು ಸ್ವಲ್ಪ ಎಳೆದರೂ ಸಾಕು, ತೆಗೆದ ಮೇಲೆ ದುಂಡನೆಯ ಲೋಗೋ ಕೋಳಿಮೊಟ್ಟೆಯಾಗುತ್ತದೆ. ಹಾಸಬೇಕು, ಎಳೆಯಬಾರದು. ದಪ್ಪ ಇಂಕು ಹಾಕಿದರೆ, ಮುಲ್ತಾನಿ ಮಿಟ್ಟಿ ಹಚ್ಚಿಕೊಂಡು ನಕ್ಕಾಗ ಕೆನ್ನೆ ಬಿರಿಯುತ್ತದಲ್ವಾ, ಹಾಗೆ ಬಿರುಕು. ಸ್ಟ್ರೆಚ್ ಇಂಕು ಬಳಸಿದರೂ ಬಿರುಕು ಬಂದರೆ ಇಂಕು ಕಾವಿನಲ್ಲಿ ಬೇಯುವುದರಲ್ಲಿ ತಪ್ಪಾಗಿದೆ ಎಂದೇ ನನ್ನ ಮೊದಲ ಅನುಮಾನ. ಮೇಲ್ಪದರ ಬೆಂದು ಕೆಳಗೆ ಹಸಿ ಉಳಿದಿರುತ್ತದೆ. ಗನ್ ಥರ್ಮಾಮೀಟರ್ ಮೇಲಿನ ಕಾವನ್ನಷ್ಟೇ ತೋರಿಸುತ್ತದೆ.

ಸರಿ, ಚೆನ್ನಾಗಿ ಬೇಯಿಸೋಣ ಎಂದರೆ? ಸಾಮಾನ್ಯ ಪ್ಲಾಸ್ಟಿಸಾಲ್‌ಗೆ 160 ಡಿಗ್ರಿ ಬೇಕು. ಜೆರ್ಸಿಯ ಪಾಲಿಯೆಸ್ಟರ್ ಬಣ್ಣ ಅಷ್ಟು ಕಾವಿಗೆ ಆವಿಯಾಗಿ ಮೇಲೆದ್ದು ಇಂಕಿಗೆ ಸೇರುತ್ತದೆ. ಕೆಂಪು ಜೆರ್ಸಿಯ ಬಿಳಿ ನಂಬರು ಎರಡು ದಿನದಲ್ಲಿ ಗುಲಾಬಿ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ! ಈಗ ಕೆಂಪು ಬಟ್ಟೆ ಬಂದರೆ 130ರ ಆಸುಪಾಸಿನಲ್ಲೇ ಬೇಯುವ ಇಂಕನ್ನು ತರಿಸುತ್ತೇನೆ. ದುಬಾರಿ, ಆದರೆ ಬೈಗುಳ ಕಡಿಮೆ.

ಒಬ್ಬೊಬ್ಬರಿಗೂ ಬೇರೆ ನಂಬರು, ಬೇರೆ ಹೆಸರು ಇದ್ದರೆ ಪ್ರತಿಯೊಂದಕ್ಕೂ ಸ್ಕ್ರೀನ್ (ಅಚ್ಚಿನ ಜಾಲರಿ) ಮಾಡಿ ಪ್ರಯೋಜನವಿಲ್ಲ. ಹಿಗ್ಗುವ ವಿನೈಲ್ (ಪ್ಲಾಸ್ಟಿಕ್) ಹಾಳೆ ಕತ್ತರಿಸಿ ಹೀಟ್ ಪ್ರೆಸ್ಸಿನಲ್ಲಿ ಒತ್ತುತ್ತೇನೆ. ನನ್ನ ರೋಲಿಗೆ 140 ಡಿಗ್ರಿ, 15 ಸೆಕೆಂಡು. ಜಿಪ್ಪೋ ಹೊಲಿಗೆಯೋ ಅಡ್ಡ ಬಂದರೆ ಒತ್ತಡ ಸಮನಾಗಿ ಬೀಳುವುದಿಲ್ಲ. ಅದಕ್ಕೆ ಅಂಗಿಯೊಳಗೆ ಹಳೆಯ ಮೌಸ್ ಪ್ಯಾಡ್ ತೂರಿಸಿ ಆ ಜಾಗವನ್ನಷ್ಟೇ ಎತ್ತರಿಸುತ್ತೇನೆ. ಎದೆ ತುಂಬ ದೊಡ್ಡ ಚೌಕ ಅಂಟಿಸಿ ಎಂದರೆ ಮಾತ್ರ ಬೇಡ ಎನ್ನುತ್ತೇನೆ. ಆ ಜಾಗದಲ್ಲಿ ಗಾಳಿಯಾಡದು. ಆಡುವ ಹುಡುಗನಿಗೆ ಬೆವರಿನಲ್ಲಿ ಪ್ಲಾಸ್ಟರ್ ಮೆತ್ತಿಕೊಂಡ ಹಾಗಾಗುತ್ತದೆ.

ನಾಳೆ ಕಬಡ್ಡಿ ತಂಡದ 12 ಜೆರ್ಸಿ ಹೋಗಬೇಕು. 11 ಮುಗಿದಿವೆ. 7ನೇ ನಂಬರು ಇಬ್ಬರು ಆಟಗಾರರಿಗೆ ಬೇಕಂತೆ. ಇಬ್ಬರೂ ಬೆಳಿಗ್ಗೆಯಿಂದ ಬೇರೆ ಬೇರೆಯಾಗಿ ಫೋನ್ ಮಾಡುತ್ತಿದ್ದಾರೆ.