ಲೈಮ್ ತಡವಾಗಿ ಪತ್ತೆಯಾದಾಗ: ಮಾತ್ರೆ ಮುಗಿಯುವುದು ಬೇರೆ, ಮೈ ಸುಧಾರಿಸುವುದು ಬೇರೆ

ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾಗಳಲ್ಲಿ ನೆಲೆಸಿರುವ ನಮ್ಮವರಲ್ಲಿ, ಉಣುಗು ಕಚ್ಚಿ ಬರುವ ಬ್ಯಾಕ್ಟೀರಿಯಾ ಸೋಂಕಾದ ಲೈಮ್ ಕಾಯಿಲೆ ತಡವಾಗಿ ಗೊತ್ತಾಗುವುದಕ್ಕೆ ಚರ್ಮದ ಬಣ್ಣವೂ ಒಂದು ಕಾರಣ. ಕರಪತ್ರಗಳಲ್ಲಿ ಅಚ್ಚಾಗುವುದು ಬಿಳಿ ಚರ್ಮದ ಮೇಲಿನ ಕೆಂಪು ವೃತ್ತ, ಅದರ ನಡುವೆ ಒಂದು ಕೆಂಪು ಚುಕ್ಕೆ. ಕಂದು ಚರ್ಮದ ಮೇಲೆ ಅದೇ ಕಲೆ ಏಟು ಬಿದ್ದು ಕಂದಿದ ಹಾಗೆ ಕಾಣುತ್ತದೆ. ನಡುವೆ ಚುಕ್ಕೆ ಇರಲೇಬೇಕೆಂದಿಲ್ಲ, ಬಹಳಷ್ಟು ಕಲೆಗಳು ಒಂದೇ ಬಣ್ಣದವು. ತುರಿಕೆ ಇಲ್ಲ, ನೋವೂ ಅಷ್ಟಾಗಿ ಇಲ್ಲ. ಕಚ್ಚಿದ 3ರಿಂದ 30 ದಿನದೊಳಗೆ ಮೂಡಿ, ದಿನದಿಂದ ದಿನಕ್ಕೆ ಹರಡುತ್ತಾ 5 ಸೆಂಟಿಮೀಟರ್ ದಾಟುವುದು ಇದರ ಗುರುತು. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ನೆತ್ತಿ, ಹೀಗೆ ಕನ್ನಡಿಗೆ ಸಿಗದ ಜಾಗಗಳಲ್ಲೇ ಹೆಚ್ಚು. ನೂರು ರೋಗಿಗಳಲ್ಲಿ ಇಪ್ಪತ್ತು ಮೂವತ್ತು ಮಂದಿಗೆ ಕಲೆ ಕಾಣಿಸಿಕೊಳ್ಳುವುದೇ ಇಲ್ಲ.

ಕಚ್ಚುವ ಉಣುಗು ಕರಿಗಾಲಿನದು, ಜಿಂಕೆ ಉಣುಗು ಅಂತಲೂ ಕರೆಯುತ್ತಾರೆ. ಮೇ ತಿಂಗಳಿಂದ ಜುಲೈವರೆಗೆ ಓಡಾಡುವ ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಹಾಗಾಗಿ "ನನಗೇನೂ ಕಚ್ಚಿಲ್ಲ" ಎಂಬ ರೋಗಿಯ ಮಾತನ್ನು ನಂಬಿ ಲೈಮನ್ನು ತಳ್ಳಿಹಾಕುವಂತಿಲ್ಲ. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಸುತ್ತ 1975ರ ಹೊತ್ತಿಗೆ ಮಕ್ಕಳ ಕೀಲುಗಳು ಗುಂಪುಗುಂಪಾಗಿ ಊದಿಕೊಂಡಾಗ ತಾಯಂದಿರು ಪಟ್ಟುಹಿಡಿದು ಕೇಳಿದ್ದರಿಂದಲೇ ಈ ಕಾಯಿಲೆ ಬೆಳಕಿಗೆ ಬಂತು. ಉಣುಗಿನ ಹೊಟ್ಟೆಯಲ್ಲಿ ಸುರುಳಿ ಬ್ಯಾಕ್ಟೀರಿಯಾವನ್ನು ವಿಲ್ಲಿ ಬರ್ಗ್‌ಡಾರ್ಫರ್ ಕಂಡದ್ದು 1981ರಲ್ಲಿ. ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂಬ ಹೆಸರು ಅವರಿಂದಲೇ ಬಂದದ್ದು.

ಕಲೆ ತಪ್ಪಿಹೋದರೆ ಮುಂದೆ ಬರುವ ಚಿಹ್ನೆಗಳು ಬೇರೆ ಬೇರೆ ವೈದ್ಯರ ಬಾಗಿಲಿಗೆ ಕಳಿಸುತ್ತವೆ. ಕೆಲವು ವಾರಗಳಲ್ಲಿ ಮುಖದ ಒಂದು ಬದಿ ಸೊಟ್ಟಗಾಗಬಹುದು. ಬೇಸಿಗೆಯಲ್ಲಿ, ಉಣುಗಿನ ಸೀಮೆಯಲ್ಲಿ ಹೀಗಾದರೆ ಲೈಮ್ ಪರೀಕ್ಷೆ ಕೇಳಲೇಬೇಕು, ಮತ್ತು ಮುಚ್ಚಿಕೊಳ್ಳದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ಟೇಪು ಅಂಟಿಸುವುದನ್ನು ಮರೆಯಬಾರದು. ತಲೆಸುತ್ತು, ಎದೆ ಬಡಿತ ತಪ್ಪುವುದು, ಎಚ್ಚರ ತಪ್ಪುವುದು ಇದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ ಇಸಿಜಿ ಮಾಡಿಸಬೇಕು. ಹೃದಯದ ವಿದ್ಯುತ್ ಹಾದಿಗೆ ಸೋಂಕು ತಗುಲಿದರೆ ಗಂಟೆಗಳಲ್ಲೇ ಪರಿಸ್ಥಿತಿ ಕೆಡಬಹುದು.

ತಿಂಗಳುಗಳು ಕಳೆದ ಮೇಲೆ ಬರುವುದು ಮಂಡಿ. ಒಂದೇ ಮಂಡಿ, ಬಹಳವೆಂದರೆ ಎರಡು. ನೀರು ತುಂಬಿ ಕುಂಬಳದಂತೆ ಊದಿರುತ್ತದೆ, ಆದರೂ ರೋಗಿ ನಡೆದುಕೊಂಡೇ ಬರುತ್ತಾರೆ. ಇಷ್ಟು ಊತಕ್ಕೆ ಇಷ್ಟು ಕಡಿಮೆ ನೋವು ಏಕೆ ಎಂಬ ಅನುಮಾನವೇ ಲೈಮ್ ಕಡೆಗೆ ಬೊಟ್ಟು ಮಾಡಬೇಕು. ಅದರ ಬದಲು ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದೆ, ವಯಸ್ಸಿನ ಸವೆತ, ಯೂರಿಕ್ ಆಸಿಡ್, ರುಮಟಾಯ್ಡ್ ಸಂಧಿವಾತ ಎಂದು ಹಣೆಪಟ್ಟಿ ಬೀಳುತ್ತದೆ. ಇದರಲ್ಲಿ ತುಸು ದುಬಾರಿಯಾಗುವ ತಪ್ಪೆಂದರೆ, ಲೈಮ್ ಹೌದೋ ಅಲ್ಲವೋ ತಿಳಿಯುವ ಮೊದಲೇ ಮಂಡಿಗೆ ಸ್ಟೀರಾಯ್ಡ್ ಚುಚ್ಚಿಸುವುದು. ಆ್ಯಂಟಿಬಯೋಟಿಕ್‌ಗಿಂತ ಮುಂಚೆ ಸ್ಟೀರಾಯ್ಡ್ ಬಿದ್ದ ಕೀಲಿನ ಊತ ಇಳಿಯಲು ಸತಾಯಿಸುತ್ತದೆ. ನೀರು ತೆಗೆಯುವುದಾದರೆ ಅದನ್ನು ಚೆಲ್ಲದೆ ಬಿಳಿ ರಕ್ತಕಣದ ಎಣಿಕೆ, ಹರಳು, ಕಲ್ಚರ್ ಮತ್ತು ಲೈಮ್ ಪಿಸಿಆರ್‌ಗೆ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಕಳಿಸಿ ಎಂದು ಮೊದಲೇ ಹೇಳಿಡುವುದು ಒಳ್ಳೆಯದು.

ರಕ್ತಪರೀಕ್ಷೆಯ ವರದಿ ಓದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಅದು ಎರಡು ಹಂತದ್ದು. ಮೊದಲು, ಸೋಂಕಿನ ವಿರುದ್ಧ ಮೈ ಹುಟ್ಟಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಎಲೈಸಾ, ಅದು ಪಾಸಿಟಿವ್ ಅಥವಾ ಅಡ್ಡಗೋಡೆಯ ಮೇಲೆ ಇದ್ದರೆ ಅವನ್ನು ಗೆರೆಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್. 2019ರಿಂದ ಬ್ಲಾಟ್ ಬದಲು ಎರಡನೆಯ ಎಲೈಸಾ ಮಾಡುವ ಕ್ರಮಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಇದೆ. ಬ್ಲಾಟ್‌ನಲ್ಲಿ ಐಜಿಎಂ (ಮೊದಲು ಹುಟ್ಟುವ ಪ್ರತಿಕಾಯ) ಪಾಸಿಟಿವ್ ಎನ್ನಲು 3 ಗೆರೆಗಳಲ್ಲಿ 2 ಇರಬೇಕು, ಐಜಿಜಿಗೆ (ಆಮೇಲೆ ಹುಟ್ಟುವ ಪ್ರತಿಕಾಯ) 10ರಲ್ಲಿ 5. ಐಜಿಎಂಗೆ ಬೆಲೆ ಇರುವುದು ಕಾಯಿಲೆ ಶುರುವಾದ ಮೊದಲ 30 ದಿನ ಮಾತ್ರ. ಆರು ತಿಂಗಳಿಂದ ನರಳುತ್ತಿರುವವರ ವರದಿಯಲ್ಲಿ ಐಜಿಎಂ ಒಂದೇ ಪಾಸಿಟಿವ್ ಇದ್ದರೆ ಅದು ಸುಳ್ಳು ಸುಳಿವು ಇರುವ ಸಾಧ್ಯತೆಯೇ ಹೆಚ್ಚು. 41ನೇ ನಂಬರಿನ ಗೆರೆಯಂತೂ ಎಷ್ಟೋ ಆರೋಗ್ಯವಂತರಲ್ಲೂ ಕಾಣುತ್ತದೆ. ಲೈಮ್ ಮಂಡಿಯವರಲ್ಲಿ ಐಜಿಜಿ ಸಾಮಾನ್ಯವಾಗಿ ಜೋರಾಗಿಯೇ ಇರುತ್ತದೆ. ಅದು ನೆಗೆಟಿವ್ ಬಂದರೆ ಊತಕ್ಕೆ ಬೇರೆ ಕಾರಣ ಹುಡುಕಬೇಕು. ಇದಕ್ಕೆ ತಿರುಗುಮುರುಗು ಕಲೆ ಮೂಡಿದ ಮೊದಲ ವಾರ: ಆಗ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ, ನೆಗೆಟಿವ್ ಬಂದರೂ ಕಲೆ ನೋಡಿಯೇ ಔಷಧಿ ಕೊಡಬೇಕು. ಇನ್ನೊಂದು ಮಾತು. ಗುಣವಾದ ಮೇಲೂ ಐಜಿಜಿ ವರ್ಷಗಟ್ಟಲೆ ಪಾಸಿಟಿವ್ ಉಳಿಯುತ್ತದೆ. "ಹೋಯಿತೋ ಇಲ್ಲವೋ" ನೋಡಲು ಮೂರು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿಸುವುದು ದುಡ್ಡಿಗೂ ನೆಮ್ಮದಿಗೂ ದಂಡ.

ಮಂಡಿಗೆ ಬಂದ ಲೈಮ್‌ಗೆ ಔಷಧಿ 28 ದಿನ. ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ. ಗರ್ಭಿಣಿಯರಿಗೆ, ಡಾಕ್ಸಿ ಒಗ್ಗದವರಿಗೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ. (ಕಲೆ ಹಂತದಲ್ಲೇ ಸಿಕ್ಕಿದ್ದರೆ ಡಾಕ್ಸಿ 10 ದಿನಕ್ಕೆ ಮುಗಿಯುತ್ತಿತ್ತು.) ಮಾತ್ರೆ ಒಂದೇ ಆದರೂ ನಮ್ಮ ಊಟದ ಕ್ರಮದಲ್ಲಿ ಅದು ಕೆಲಸ ಮಾಡದಿರಲು ದಾರಿಗಳು ಹಲವು. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ ಡಾಕ್ಸಿಯನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಹಾಲಿನ ಜತೆ ನುಂಗಿದರೆ ಸುಮಾರು ಐದನೇ ಒಂದು ಭಾಗ ನಷ್ಟ, ಕಬ್ಬಿಣದ ಮಾತ್ರೆ ಜತೆಗಾದರೆ ಅದಕ್ಕಿಂತ ಬಹಳ ಹೆಚ್ಚು. ರಾತ್ರಿ ಅರಿಶಿನದ ಹಾಲಿನಲ್ಲಿ ಮಾತ್ರೆ ನುಂಗಿಸುವ ಅಕ್ಕರೆ ಇಲ್ಲಿ ಬೇಡ. ಹೀಗೆ ಹೊಂದಿಸಿಕೊಳ್ಳಬಹುದು: ಬೆಳಗ್ಗೆ 6.30ಕ್ಕೆ ಹಾಲು ಹಾಕಿದ ಕಾಫಿ, 9ಕ್ಕೆ ಉಪ್ಪಿಟ್ಟೋ ಇಡ್ಲಿಯೋ ತಿಂದು ಮೊದಲ ಮಾತ್ರೆ, ಮಧ್ಯಾಹ್ನ 1ಕ್ಕೆ ರಾಗಿಮುದ್ದೆ, ಮೊಸರನ್ನ ಏನು ಬೇಕಾದರೂ, ರಾತ್ರಿ 8ಕ್ಕೆ ಸಾರು ಅನ್ನ ಪಲ್ಯದ ಜತೆ ಎರಡನೆಯದು, ಮಜ್ಜಿಗೆ ಇಲ್ಲ. ಎದೆಯುರಿಗೆ ತಗೊಳ್ಳುವ ಆ್ಯಂಟಾಸಿಡ್‌ಗೂ ಎರಡು ಗಂಟೆಯ ಅಂತರ ಬೇಕು. ಕಬ್ಬಿಣದ ಮಾತ್ರೆಯನ್ನು ಆ 28 ದಿನ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಮಾತ್ರೆಯನ್ನು ಒಂದು ಗುಟುಕಿನಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳಕ್ಕೆ ಅಂಟಿಕೊಂಡು ಹುಣ್ಣು ಮಾಡುತ್ತದೆ. ಕೆಲವು ದಿನ ಉಗುಳು ನುಂಗಲೂ ಆಗದಷ್ಟು ಉರಿ. ದೊಡ್ಡ ಲೋಟ ನೀರು ಕುಡಿದು ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ನೆಟ್ಟಗೆ ಕೂತಿರಬೇಕು. ಬಿಸಿಲಿಗೆ ಚರ್ಮ ಸುಡುತ್ತದೆ, ಕಂದು ಚರ್ಮಕ್ಕೂ ವಿನಾಯಿತಿ ಇಲ್ಲ. ಪೂರ್ತಿ ತೋಳಿನ ಅಂಗಿ, ಟೋಪಿ, ಸನ್‌ಸ್ಕ್ರೀನ್ ಬೇಕು. ಮೊದಲ ಡೋಸಿನ 24 ಗಂಟೆಯೊಳಗೆ ಕೆಲವರಿಗೆ ಚಳಿ ಜ್ವರ, ಮೈಕೈ ನೋವು ಬಂದು ಒಂದು ದಿನದಲ್ಲಿ ಇಳಿಯುತ್ತದೆ. ಅದು ಸಾಯುವ ಬ್ಯಾಕ್ಟೀರಿಯಾಕ್ಕೆ ಮೈ ಕೊಡುವ ಪ್ರತಿಕ್ರಿಯೆ, ಅಲರ್ಜಿ ಅಲ್ಲ. ಆದರೆ ಮೂರನೇ ವಾರದ ಕಷ್ಟವನ್ನೂ ಇದೇ ಹೆಸರಿಗೆ ಜಮಾ ಮಾಡಿ "ಔಷಧಿ ಕೆಲಸ ಮಾಡ್ತಿದೆ" ಎನ್ನುವವರ ಮಾತು ನಂಬಬೇಡಿ. ಮೈಮೇಲೆ ದದ್ದು, ಉಸಿರು ಕಟ್ಟುವುದು, ನಿಲ್ಲದ ಭೇದಿ ಆದರೆ ಅದೇ ದಿನ ಫೋನ್ ಮಾಡಬೇಕು.

28ನೇ ದಿನ ಮಂಡಿ ಪೂರ್ತಿ ಇಳಿಯದಿದ್ದರೆ ಗಾಬರಿ ಬೇಡ. ಅರ್ಧ ಇಳಿದಿದ್ದರೆ ಕೆಲವು ವಾರ ಕಾದು ನೋಡುತ್ತಾರೆ, ಇಲ್ಲವೇ ಮಾತ್ರೆಯ ಇನ್ನೊಂದು ಸುತ್ತು ಕೊಡುತ್ತಾರೆ. ಏನೂ ಇಳಿಯದಿದ್ದರೆ ರಕ್ತನಾಳದ ಮೂಲಕ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ದಿನಕ್ಕೆ 2 ಗ್ರಾಂ, 2ರಿಂದ 4 ವಾರ. ಅದಾದ ಮೇಲೂ ಊತ ಉಳಿದರೆ ಅದು ಸಾಮಾನ್ಯವಾಗಿ ಸೋಂಕಲ್ಲ, ಸೋಂಕು ಹೋದ ಮೇಲೂ ಕೆರಳಿಯೇ ಉಳಿದ ರೋಗನಿರೋಧಕ ವ್ಯವಸ್ಥೆ. ಆಗ ಬೇಕಾದವರು ಕೀಲುರೋಗ ತಜ್ಞರು, ಅಂದರೆ ರುಮಟಾಲಜಿಸ್ಟ್. ಆ ಕೆರಳಿಕೆ ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಕೊಡುತ್ತಾರೆ, ತೀರಾ ಹಟಮಾರಿ ಕೀಲಾದರೆ ಒಳಪೊರೆ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ.

ಮಂಡಿ ಹೀಗಾದರೆ, ಸುಸ್ತಿನ ಕತೆ ಬೇರೆ. ಚಿಕಿತ್ಸೆ ಸರಿಯಾಗಿ ಪಡೆದವರಲ್ಲೂ ನೂರಕ್ಕೆ 5ರಿಂದ 10 ಮಂದಿಗೆ ಆಯಾಸ, ಮೈನೋವು, ತಲೆ ಮಂಕಾಗುವುದು ಆರು ತಿಂಗಳು ದಾಟಿಯೂ ಉಳಿಯುತ್ತದೆ. ತಡವಾಗಿ ಚಿಕಿತ್ಸೆ ಸಿಕ್ಕವರಿಗೆ ಈ ಪಾಡು ಹೆಚ್ಚು. ಇದು ಮನಸ್ಸಿನ ಭ್ರಮೆ ಅಲ್ಲ, ಹಾಗೆ ಹೇಳುವ ವೈದ್ಯರನ್ನು ಬದಲಾಯಿಸುವುದೇ ಮೇಲು. ಆದರೆ ಇದನ್ನು "ಒಳಗೆ ಹುಳು ಇನ್ನೂ ಇದೆ" ಎಂದು ಓದಿ ವರ್ಷಗಟ್ಟಲೆ ಆ್ಯಂಟಿಬಯೋಟಿಕ್ ಹರಿಸುವುದೂ ಸರಿಯಲ್ಲ. 2001ರಿಂದ ಅಮೆರಿಕದಲ್ಲಿ ನಡೆದ ಹಲವು ಪ್ರಯೋಗಗಳು, 2016ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ 12 ವಾರದ ಮಾತ್ರೆಗಳ ಪ್ರಯೋಗ, ಎಲ್ಲದರಲ್ಲೂ ಕೈಗೆ ಹತ್ತುವಂಥ, ಉಳಿಯುವಂಥ ಲಾಭ ಕಾಣಲಿಲ್ಲ. ಆಯಾಸ ಒಂದಿಷ್ಟು ತಗ್ಗಿದ ಕಡೆ ಅಡ್ಡಪರಿಣಾಮ ಅದನ್ನು ನುಂಗಿಹಾಕಿತು. ತೋಳಿನಲ್ಲಿ ತಿಂಗಳುಗಟ್ಟಲೆ ಉಳಿದ ನಳಿಕೆಯಿಂದ ರಕ್ತಕ್ಕೆ ಸೋಂಕು, ಸೆಫ್ಟ್ರಿಯಾಕ್ಸೋನ್‌ನಿಂದ ಪಿತ್ತಕೋಶದಲ್ಲಿ ಕಲ್ಲು, ಕರುಳಿನಲ್ಲಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿ: ಇವು ಹೆದರಿಸಲು ಹೇಳುವ ಮಾತಲ್ಲ, ಆಗಿರುವಂಥವು. ವಿಮೆ ಒಪ್ಪದ, ನಗದು ಮಾತ್ರ ತೆಗೆದುಕೊಳ್ಳುವ, ತಮ್ಮದೇ ಲ್ಯಾಬಿನ ತಮ್ಮದೇ ಅಳತೆಗೋಲಿನಲ್ಲಿ ಎಲ್ಲರಿಗೂ ಪಾಸಿಟಿವ್ ಕೊಡುವ ಕ್ಲಿನಿಕ್ಕಿನಿಂದ ಎದ್ದು ಬಂದುಬಿಡಿ.

ಉಳಿದ ಸುಸ್ತನ್ನೆಲ್ಲ ಲೈಮ್ ತಲೆಗೆ ಕಟ್ಟುವ ಮೊದಲು ನಮ್ಮವರು ಮಾಡಿಸಬೇಕಾದ ಪರೀಕ್ಷೆಗಳಿವೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಎಷ್ಟು ಸಾಮಾನ್ಯ ಎಂದರೆ, ಜೋಮು, ಮರೆವು, ಸುಸ್ತು ಮೂರನ್ನೂ ಅದೊಂದೇ ತರಬಲ್ಲದು. ಬಿ12, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ರಕ್ತಕಣಗಳ ಎಣಿಕೆ ನೋಡಿಸಿ. ಗೊರಕೆ ಇದ್ದರೆ ನಿದ್ರೆಯ ಪರೀಕ್ಷೆಯನ್ನೂ ಮಾಡಿಸಿ. ರಾತ್ರಿ ಬೆವರು, ಬಿಟ್ಟುಬಿಟ್ಟು ಜ್ವರ, ರಕ್ತ ಒಡೆಯುವ ಲಕ್ಷಣ ಇದ್ದರೆ ಬಬೇಸಿಯಾ ನೆನಪಾಗಲಿ. ಅದೇ ಉಣುಗು ತರುವ ಇನ್ನೊಂದು ಪರಾವಲಂಬಿ ಅದು. ಡಾಕ್ಸಿಗೆ ಬಗ್ಗುವುದಿಲ್ಲ, ಅಟೊವಾಕೋನ್ ಮತ್ತು ಅಜಿತ್ರೋಮೈಸಿನ್ ಜೋಡಿ ಬೇಕು. ಸೂಕ್ಷ್ಮದರ್ಶಕದಲ್ಲಿ ಮಲೇರಿಯಾದ ಉಂಗುರದಂತೆಯೇ ಕಾಣುವುದರಿಂದ, ಈಚೆಗೆ ಭಾರತಕ್ಕೆ ಹೋಗಿಬಂದವರಲ್ಲಿ ಎರಡೂ ಅದಲುಬದಲಾಗಬಹುದು.

ದಿನಚರಿಯಲ್ಲಿ ಎಲ್ಲರೂ ಎಡವುವುದು ಒಳ್ಳೆಯ ದಿನದಂದು. ಚೂರು ಹುರುಪು ಬಂದ ಶನಿವಾರ ಮನೆಯೆಲ್ಲ ಒರೆಸಿ, ಬಟ್ಟೆ ಒಗೆದು, ಸಂಜೆ ಕನ್ನಡ ಕೂಟಕ್ಕೂ ಹೋಗಿ, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಏನು ಮಾಡಿದಿರಿ, ಎಷ್ಟು ಹೊತ್ತು, ಮರುದಿನ ಮತ್ತು ಅದರ ಮರುದಿನ ಹೇಗಿತ್ತು ಎಂದು ಬರೆದಿಡಿ. ಯಾವ ನಡಿಗೆಯ ಮರುದಿನ ಕುಸಿತ ಇಲ್ಲವೋ ಅದರಿಂದ ಆರಂಭಿಸಿ, 10 ನಿಮಿಷವಾದರೆ 10 ನಿಮಿಷವೇ. ಒಂದು ವಾರ ತಡೆದರೆ ಮಾತ್ರ ಒಂದೆರಡು ನಿಮಿಷ ಸೇರಿಸಿ, ಹುರುಪಿನ ದಿನವೂ ಅದನ್ನು ಮೀರಬೇಡಿ. ಪ್ರತಿಸಲ ಶ್ರಮದ ಮರುದಿನ ಕುಸಿಯುವವರಿಗೆ ವ್ಯಾಯಾಮ ಏರಿಸುವುದಕ್ಕಿಂತ ಕೆಲಸ ಕಡಿತ ಮಾಡುವುದೇ ಚಿಕಿತ್ಸೆ. ಮಂಡಿ ಊದಿದ್ದವರ ತೊಡೆಯ ಸ್ನಾಯು ಬೇಗ ಕರಗುತ್ತದೆ. ಊತ ಇಳಿಯುತ್ತಿದ್ದಂತೆ ಮಲಗಿ ತೊಡೆ ಬಿಗಿಹಿಡಿದು 5 ಸೆಕೆಂಡ್ ಬಿಡುವುದು, ನೇರ ಕಾಲು ಎತ್ತುವುದು, ಹಿಮ್ಮಡಿ ಜಾರಿಸುವುದು ಇಷ್ಟರಿಂದ ಶುರು. ನೆಲಕ್ಕೆ ಚಕ್ಕಳಮಕ್ಕಳ ಕೂರುವುದು, ವಜ್ರಾಸನ, ಮೆಟ್ಟಿಲು ಇಳಿಯುವುದು ಕೊನೆಗೆ. ಯೋಗ ಮಾಡಿಸುವ ಹುಮ್ಮಸ್ಸಿನವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ.

ಅಮೆರಿಕದಲ್ಲಿ ಕೆಲಸಕ್ಕಿದ್ದರೆ ಎಫ್‌ಎಂಎಲ್‌ಎ ಎಂಬ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾನೂನಿನಡಿ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ಉಂಟು. ಕಂಪನಿಯಲ್ಲಿ 12 ತಿಂಗಳು, ಹಿಂದಿನ ವರ್ಷದಲ್ಲಿ 1,250 ಗಂಟೆ, 75 ಮೈಲಿ ವ್ಯಾಪ್ತಿಯೊಳಗೆ 50 ಉದ್ಯೋಗಿಗಳು ಎಂಬ ಷರತ್ತುಗಳಿವೆ. ಎಚ್-1ಬಿ ವೀಸಾದವರಿಗೂ ಇದು ಅನ್ವಯ. ಇಡಿಯಾಗಿಯೇ ತೆಗೆದುಕೊಳ್ಳಬೇಕೆಂದಿಲ್ಲ, ವಾರಕ್ಕೆ ಅರ್ಧ ದಿನದಂತೆ ಬಿಡಿಬಿಡಿಯಾಗಿಯೂ ಸಿಗುತ್ತದೆ, ವೈದ್ಯರು ಫಾರ್ಮಿನಲ್ಲಿ ಹಾಗೆಯೇ ಬರೆಯಬೇಕು.

ಆರು ತಿಂಗಳಿಗೆಂದು ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರದು ಪ್ರತ್ಯೇಕ ಸಮಸ್ಯೆ. ಹಿತ್ತಲಲ್ಲಿ ಬೆಂಡೆ, ಮೆಂತ್ಯ, ಬದನೆ ಬೆಳೆಸುತ್ತ ಕಾಡಿನಂಚಿನ ಎಲೆರಾಶಿಯಲ್ಲಿ ಕೈಯಾಡಿಸುವವರು ಅವರೇ. ಮಂಡಿ ಊದುವುದು ಶಿವಮೊಗ್ಗಕ್ಕೋ ಮೈಸೂರಿಗೋ ವಾಪಸಾದ ಮೇಲೆ, ಅಲ್ಲಿ ಲೈಮ್ ಯಾರ ಮನಸ್ಸಿಗೂ ಬರುವುದಿಲ್ಲ. "ಮೇನಿಂದ ಅಕ್ಟೋಬರ್‌ವರೆಗೆ ನ್ಯೂಜೆರ್ಸಿಯಲ್ಲಿದ್ದೆ, ತೋಟದ ಕೆಲಸ ಮಾಡಿದೆ" ಎಂಬ ಒಂದು ಸಾಲು ವೈದ್ಯರಿಗೆ ಹೇಳಬೇಕು. ಮಲೆನಾಡಿನವರು ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ಎಂದುಕೊಳ್ಳುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಅದು ವೈರಸ್, ಡಾಕ್ಸಿಗೆ ಸಂಬಂಧವಿಲ್ಲ. ಅದರ ಹತ್ತಿರದ ನೆಂಟ ಪೊವಾಸನ್ ವೈರಸ್ ಮಾತ್ರ ಅಮೆರಿಕದ ಕರಿಗಾಲಿನ ಉಣುಗಿನಲ್ಲೂ ಇದೆ. ಊರು ಬಿಟ್ಟು ಹೊರಗೇ ಹೋಗದವರಿಗೆ ಎಲೈಸಾ ಒಂದರಲ್ಲೇ ಲೈಮ್ ಪಾಸಿಟಿವ್ ಬಂದರೆ, ಎರಡನೇ ಹಂತದ ಪರೀಕ್ಷೆ ಆಗದೆ ಅದನ್ನು ಒಪ್ಪಬೇಡಿ.

ಒಮ್ಮೆ ಬಂದು ಹೋದ ಲೈಮ್ ಮತ್ತೆ ಬರದಂತೆ ಕಾಯುವುದಿಲ್ಲ. ಹೊಸ ಕಲೆ ಮೂಡಿದರೆ ಹೊಸ ಸೋಂಕು ಎಂದೇ ತಿಳಿದು ಚಿಕಿತ್ಸೆ ಪಡೆಯಬೇಕು, ರಕ್ತಪರೀಕ್ಷೆ ಹಳೆಯದನ್ನೇ ತೋರಿಸುತ್ತದೆ. ಹೊರಗಿನ ಬಟ್ಟೆ ಬೂಟಿಗೆ 0.5 ಶೇಕಡಾ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಅದನ್ನು ಚರ್ಮಕ್ಕೆ ಹಚ್ಚಬೇಡಿ. ಮನೆಗೆ ಬಂದ ಕೂಡಲೇ ಒಣ ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರ್‌ನಲ್ಲಿ ಹೆಚ್ಚಿನ ಬಿಸಿಗೆ 10 ನಿಮಿಷ ಹಾಕಿ, ಬರೀ ಒಗೆದರೆ ಉಣುಗು ಸಾಯದೇ ಉಳಿಯಬಹುದು. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ತಲೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. 36 ಗಂಟೆ ಕಚ್ಚಿಕೊಂಡಿತ್ತು ಎಂಬ ಅಂದಾಜಿದ್ದು, ಅದು ಕರಿಗಾಲಿನದೇ ಆಗಿದ್ದರೆ, ಕಿತ್ತ 72 ಗಂಟೆಯೊಳಗೆ ಡಾಕ್ಸಿ 200 ಮಿಲಿಗ್ರಾಂ ಒಂದೇ ಒಂದು ಡೋಸ್ ಸಾಕು. ಉಣುಗನ್ನು ಜಿಪ್ ಚೀಲದಲ್ಲಿ ಹಾಕಿ, ತಾರೀಖು ಬರೆದು, ಫೋಟೋ ತೆಗೆದುಕೊಂಡು ವೈದ್ಯರಿಗೆ ತೋರಿಸಿ.