ತೂತಿನ ಶೀಟಿನ ಹಿಂದೆ ಲೈಟ್ ಹಾಕಲು ಹೋಗಿ

ಹಾಸನದ ಬಿ.ಎಂ. ರಸ್ತೆಯಲ್ಲಿ ಮೂರು ಅಂತಸ್ತಿನ ಒಂದು ಬಟ್ಟೆ ಅಂಗಡಿ. ಎಲಿವೇಷನ್‌ಗೆ, ಅಂದರೆ ರಸ್ತೆಗೆ ಕಾಣುವ ಮುಂಭಾಗಕ್ಕೆ, ತೂತಿನ ಅಲ್ಯೂಮಿನಿಯಂ ಶೀಟ್, ಅದರ ಹಿಂದೆ ಕಣ್ಣಿಗೆ ಕಾಣದ ಹಾಗೆ ಎಲ್‌ಇಡಿ ಸ್ಟ್ರಿಪ್. ಶೀಟಿನ ಕೆಲಸವೂ ಲೈಟಿನ ಕೆಲಸವೂ ನನ್ನದೇ. ಫಿಟಿಂಗ್ ಮುಗಿದ ಮಧ್ಯಾಹ್ನ ರಸ್ತೆಯ ಆಚೆ ನಿಂತು ಟೀ ಕುಡಿಯುತ್ತಾ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡಿದ್ದೆ. ಸಂಜೆ ಏಳಕ್ಕೆ ಸ್ವಿಚ್ ಹಾಕಿದೆವು. ಮಾಲೀಕರು ಸ್ವಲ್ಪ ಹೊತ್ತು ನೋಡಿದರು. "ಏನ್ರೀ ಇದು, ತೆಳು ಶರ್ಟಿನೊಳಗೆ ಹರಿದ ಬನಿಯನ್ ಕಂಡಂಗಿದೆಯಲ್ರೀ!"

ಸರಿಯಾಗೇ ಹೇಳಿದ್ದರು. ಎ.ಸಿ. ನೀರಿನ ಪೈಪು, ಅರ್ಧಂಬರ್ಧ ಗಾರೆ ಮಾಡಿದ ಗೋಡೆ, ಫ್ರೇಮಿನ ಕಪ್ಪು ನೆರಳು, ನಮ್ಮ ಹುಡುಗರು ಟೈ ಹಾಕದೆ ಬಿಟ್ಟ ವೈರು, ಎಲ್ಲವೂ ರಸ್ತೆಗೆ ಕಾಣುತ್ತಿತ್ತು. ಸಾಲದ್ದಕ್ಕೆ ಸ್ಟ್ರಿಪ್ಪನ್ನು ಶೀಟಿನ ಕಡೆ ಮುಖ ಮಾಡಿ ಅಂಟಿಸಿದ್ದೆ. ಒಂದೊಂದು ಎಲ್‌ಇಡಿಯೂ ಚುಕ್ಕಿಯಾಗಿ ಕಣ್ಣಿಗೆ ಚುಚ್ಚುತ್ತಿತ್ತು.

ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು ಚಿಕ್ಕಂದಿನಿಂದ ನೋಡಿದವನು ನಾನು. ಅಲ್ಲಿನ ಜಾಲಂಧ್ರ, ಅಂದರೆ ತೂತು ತೂತಿನ ಕಲ್ಲಿನ ಕಿಟಕಿ, ಹೊರಗಿನಿಂದ ಗೋಡೆಯ ಹಾಗೇ ಕಾಣುತ್ತದೆ. ಒಳಗೆ ಹೋಗಿ ನಿಂತರೆ ಒಂದೊಂದು ತೂತೂ ಬೆಳಗುತ್ತದೆ. ಕತ್ತಲಲ್ಲಿ ನಿಂತವನಿಗೆ ಬೆಳಕಿನ ಕಡೆ ಕಾಣುತ್ತದೆ, ಬೆಳಕಲ್ಲಿ ನಿಂತವನಿಗೆ ಕತ್ತಲ ಕಡೆ ಕಾಣಲ್ಲ. ಶೀಟಿಗೂ ಇದೇ ಲೆಕ್ಕ. ಹಗಲು ಅದು ಹಿಂದಿನದನ್ನು ಮುಚ್ಚುತ್ತದೆ. ರಾತ್ರಿ ಹಿಂದೆ ದೀಪ ಹಾಕಿದರೆ ಶೀಟೇ ಮಾಯ, ಗೋಡೆಯೇ ಎಲಿವೇಷನ್. ನನ್ನ ಶೀಟಿನಲ್ಲಿ 10 ಮಿ.ಮೀ. ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 15 ಮಿ.ಮೀ., ಒಂದು ಸಾಲು ಬಿಟ್ಟು ಒಂದು ಸಾಲು ಸರಿದ ಜೋಡಣೆ. ಲೆಕ್ಕ ಹಾಕಿದರೆ ಸುಮಾರು 40 ಶೇಕಡಾ ಬರೀ ತೂತೇ! ಇದನ್ನು ಮೊದಲೇ ಯೋಚಿಸಬೇಕಿತ್ತು ಅಲ್ವಾ?

ಮತ್ತೆ ಸಾರ್ವೆ ಕಟ್ಟಿಸಿದೆ, ಖರ್ಚು ನನ್ನದೇ. ಪೈಪುಗಳನ್ನು ಪಕ್ಕದ ಗೋಡೆಗೆ ಸರಿಸಿದೆವು. ಗಾರೆ ಮುಗಿಸಿ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದೆವು. ಹೊಳೆಯುವ ಬಣ್ಣವಾದರೆ ಸ್ಟ್ರಿಪ್ಪಿನ ಚುಕ್ಕಿಗಳು ಗೋಡೆಯಲ್ಲೇ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ. ಪ್ರತಿ ಅಂತಸ್ತಿನ ಕೆಳಗೆ ಒಂದು ಟ್ರೇ ಇಟ್ಟು, ಸ್ಟ್ರಿಪ್ಪನ್ನು ಅದರೊಳಗೆ ಗೋಡೆಯ ಕಡೆ ತಿರುಗಿಸಿದೆ. ಬೆಳಕು ಮೇಲಕ್ಕೆ ಗೋಡೆ ಸವರಿಕೊಂಡು ಹೋಗಿ, ಅಲ್ಲಿಂದ ತೂತಿನ ಮೂಲಕ ಹೊರಗೆ ಬರುತ್ತದೆ. ಮೇಲಿನಿಂದ ಕೆಳಕ್ಕೆ ಬಿಡಬಹುದಿತ್ತಲ್ಲ ಅಂತ ಕೇಳುತ್ತಾರೆ. ರಸ್ತೆಯಲ್ಲಿ ನಡೆಯುವವನು ತಲೆ ಎತ್ತಿಯೇ ನೋಡುವುದು. ಆಗ ದೀಪ ನೇರ ಅವನ ಕಣ್ಣಿಗೇ ಹೊಡೆಯುತ್ತದೆ.

ಈ ಸಲ ಒಂದೇ ಶೀಟ್ ಸಿಕ್ಕಿಸಿ, ರಾತ್ರಿ ನೋಡಿ, ಆಮೇಲೆ ಉಳಿದ ಶೀಟ್‌ಗಳನ್ನು ಹಾಕಿದೆ. ಬಿಳಿ ದೀಪ ತೆಗೆದು 3000 ಕೆಲ್ವಿನ್‌ನ ಹಳದಿ ಛಾಯೆಯದ್ದು ಹಾಕಿದೆ. ಅದಕ್ಕೆ ಹುಳು ಮುತ್ತುವುದೂ ಕಡಿಮೆ. ಮಾಲೀಕರು ನಕ್ಕರು, ಬಾಕಿ ಹಣವೂ ಬಂತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಹದಿನೈದು ದಿನಕ್ಕೆ ಎರಡನೇ ಅಂತಸ್ತು ಅರ್ಧ ಕತ್ತಲು. ಶೀಟ್‌ಗೆ ರಿವೆಟ್ ಹೊಡೆದಿದ್ದೆ. ಒಂದು ಅಡಿ ಸ್ಟ್ರಿಪ್ ನೋಡಲು ಇಡೀ ಶೀಟಿನ ರಿವೆಟ್ ಕೊರೆಯಬೇಕು! ಬಿಚ್ಚಿದರೆ ಟ್ರೇ ತುಂಬ ನೀರು, ಮೇಲೆ ಸತ್ತ ಹುಳುಗಳ ಪದರ. ನೀರು ಹೋಗಲು ತೂತೇ ಬಿಟ್ಟಿರಲಿಲ್ಲ. ಶೀಟಿನ ತುಂಬ ತೂತು ಕೊರೆಸಿದವನು ಟ್ರೇಗೆ ನಾಲ್ಕು ತೂತು ಮರೆತಿದ್ದೆ! ಸ್ಟ್ರಿಪ್ ಮೇಲೆ ಐಪಿ 67 ಅಂತ ಬರೆದಿತ್ತು ನಿಜ. ನೀರಿನ ಮಟ್ಟಿಗೆ, ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುತ್ತದೆ ಅನ್ನುವುದಷ್ಟೇ ಅದರ ಅರ್ಥ. ಹದಿನೈದು ದಿನ ಮುಳುಗಿರುವುದಕ್ಕಲ್ಲ. ಅದೂ ಕಂಪನಿಯಿಂದ ಬಂದ ಸ್ಟ್ರಿಪ್‌ಗೆ. ನಮ್ಮ ಹುಡುಗ ಕತ್ತರಿಸಿ ಬೆಸುಗೆ ಹಾಕಿ ಟೇಪ್ ಸುತ್ತಿದ ಜಾಗಕ್ಕೆ ಯಾವ ನಂಬರೂ ಇಲ್ಲ. ಸ್ಟ್ರಿಪ್‌ಗೆ ಕರೆಂಟ್ ಕೊಡುವ ಡ್ರೈವರ್ ಡಬ್ಬಿಗಳನ್ನೂ ಅಲ್ಲೇ ಕೂರಿಸಿದ್ದೆ. ಈಗ ಅವು ಕಟ್ಟಡದ ಒಳಗೆ, ಕೈಗೆ ಸಿಗುವ ಕಡೆ ಇವೆ. ಶೀಟ್‌ಗಳು ಕೊಕ್ಕೆಗೆ ತೂಗುಬೀಳುತ್ತವೆ, ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತವೆ.

ಸದ್ಯ ಚಿಕ್ಕಮಗಳೂರಿನಲ್ಲಿ ಒಂದು ಲಾಡ್ಜ್‌ಗೆ ಇಂಥದ್ದೇ ಕೆಲಸ ಹಿಡಿದಿದ್ದೇನೆ. ಗೋಡೆಗೆ ಬಣ್ಣ ಆಗಿದೆ, ಶೀಟ್ ಇನ್ನೂ ಬಂದಿಲ್ಲ. ನಿನ್ನೆ ಹೋಗಿ ನೋಡಿದರೆ ಪ್ಲಂಬರ್ ಅದೇ ಗೋಡೆಗೆ ಪೈಪ್ ಇಳಿಸಲು ಕ್ಲಾಂಪ್ ಹೊಡೆಯುತ್ತಿದ್ದ. "ಹೆಂಗೂ ಶೀಟ್ ಮುಚ್ಚುತ್ತಲ್ಲ ಅಣ್ಣಾ" ಅಂದ. ಅವನಿಗೆ ಹಾಸನದ ಕಥೆ ಹೇಳುವಷ್ಟು ಪುರುಸೊತ್ತಿರಲಿಲ್ಲ. ಕ್ಲಾಂಪ್ ಕಿತ್ತು ಕೈಗೆ ಕೊಟ್ಟೆ.